ಫೈಬರ್ ಮೈಯ ಕಾರಿಗೆ ಬಾಗಿಲು, ಬಾನೆಟ್ ಹೊಂದುತ್ತಿಲ್ಲ: ಅಂಚು ಉಜ್ಜಬೇಕೇ, ಬೇರೆ ದಾರಿ ಇದೆಯೇ?

ಪ್ರಶ್ನೆ: ಕಲಬುರಗಿ, ಹುಮನಾಬಾದ್ ರಸ್ತೆಯಿಂದ

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನಾನು ಮತ್ತು ನನ್ನ ತಮ್ಮ ಬಿಡುವಿನ ವೇಳೆಯಲ್ಲಿ ನಮ್ಮ ತಗಡಿನ ಶೆಡ್ಡಿನಲ್ಲಿ ಎರಡು ಸೀಟಿನ ಒಂದು ತೆರೆದ ಕಾರನ್ನು ಜೋಡಿಸುತ್ತಿದ್ದೇವೆ. ಚೌಕ ಪೈಪುಗಳಿಂದ ವೆಲ್ಡ್ ಮಾಡಿದ ಚಾಸಿಯನ್ನೂ ಅದರ ಮೇಲೆ ಕೂರುವ, ಗಾಜಿನ ಎಳೆಗಳಿಗೆ ರೆಸಿನ್ ಎಂಬ ಅಂಟುದ್ರವ ಹಾಕಿ ಗಟ್ಟಿ ಮಾಡಿದ ಫೈಬರ್ ಮೈಯನ್ನೂ ಹೈದರಾಬಾದಿನಲ್ಲಿ ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದ ಒಬ್ಬರಿಂದ ಕೊಂಡೆವು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹಳೆಯ ಮಾರುತಿ ಜಿಪ್ಸಿಯವು. ಇದನ್ನು ಊರ ರಸ್ತೆಗೆ ಇಳಿಸುವ ಉದ್ದೇಶವಿಲ್ಲ. ನಮ್ಮದೇ ಹೊಲದ ದಾರಿಯಲ್ಲಿ ಓಡಿಸುವುದಕ್ಕಾಗಿ ಮಾಡುತ್ತಿದ್ದೇವೆ. ಎಂಜಿನ್ ಚಾಲೂ ಆಗಿದೆ, ಬ್ರೇಕ್ ಹಿಡಿಯುತ್ತಿದೆ. ನಾವು ಸೋತಿರುವುದು ಮೈಯ ಫಲಕಗಳನ್ನು ಕೂರಿಸುವಲ್ಲಿ.

ಮೈ ಒಟ್ಟು ಐದು ತುಂಡುಗಳಲ್ಲಿದೆ: ಇಡೀ ಒಡಲು ಒಂದೇ ಅಚ್ಚಿನದು, ಅದಕ್ಕೆ ಎರಡು ಬಾಗಿಲು, ಮುಂದಕ್ಕೆ ತೆರೆಯುವ ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳ. ಒಡಲನ್ನು ಹತ್ತು ಬೋಲ್ಟುಗಳಿಂದ ಚಾಸಿಗೆ ಬಿಗಿದಿದ್ದೇವೆ. ಬಲಗಡೆಯ ಬಾಗಿಲಿನ ಮುಂದಿನ ಸಂದು ಮೇಲ್ಭಾಗದಲ್ಲಿ 3 ಮಿಲಿಮೀಟರ್, ಕೆಳಭಾಗದಲ್ಲಿ 9 ಮಿಲಿಮೀಟರ್ ಇದೆ. ಹಿಂದಿನ ಸಂದು ಮೇಲೆ 2, ಕೆಳಗೆ 7. ಅದೇ ಬಾಗಿಲಿನ ಹಿಂದಿನ ಕೆಳಮೂಲೆ ಒಡಲಿಗಿಂತ 6 ಮಿಲಿಮೀಟರಿನಷ್ಟು ಹೊರಗೆ ಚಾಚಿಕೊಂಡಿದೆ. ಬಾನೆಟ್ಟಿನ ಸಂದು ಎಡಕ್ಕೆ 4, ಬಲಕ್ಕೆ 11. ಇದಕ್ಕಿಂತಲೂ ನಮ್ಮನ್ನು ಕಂಗೆಡಿಸಿದ ಸಂಗತಿಯೆಂದರೆ, ಬೆಳಗ್ಗೆ ಏಳು ಗಂಟೆಗೆ ಸಲೀಸಾಗಿ ಮುಚ್ಚುವ ಬಲಬಾಗಿಲು ಮಧ್ಯಾಹ್ನ ಎರಡರ ಹೊತ್ತಿಗೆ ಹಿಂದಿನ ಮೇಲ್ಮೂಲೆಯಲ್ಲಿ ಉಜ್ಜತೊಡಗುತ್ತದೆ.

ಇಲ್ಲಿನ ಫೈಬರ್ ಕೆಲಸದವರೊಬ್ಬರು ನೋಡಿ, ಗ್ರೈಂಡರ್ ಹಿಡಿದು ಅಂಚನ್ನು ತೆಗೆದರೆ ಮುಗಿಯಿತು ಎಂದರು. ಅವರ ಮಾತಿನಂತೆ ಎಡಬಾಗಿಲಿನ ಹಿಂದಿನ ಅಂಚಿನಲ್ಲಿ ಎರಡು ಮಿಲಿಮೀಟರ್ ತೆಗೆದೆವು. ಹೊರಮೈಯ ನುಣುಪು ಲೇಪವಾದ ಜೆಲ್ ಕೋಟ್ ಹೋಗಿ ಒಳಗಿನ ಗಾಜಿನ ಎಳೆ ಕಾಣಿಸಿಕೊಂಡಿತು, ಸಂದು ಮಾತ್ರ ನೇರವಾಗಲಿಲ್ಲ. ಬಲಬಾಗಿಲನ್ನು ಮುಟ್ಟುವ ಮೊದಲು ಬಲ್ಲವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ. ಯಾವ ಫಲಕದಿಂದ ಆರಂಭಿಸಬೇಕು? ಎಲ್ಲಿ ತೆಗೆಯಬೇಕು, ಎಲ್ಲಿ ಕಟ್ಟಬೇಕು? ಕಟ್ಟುವುದಾದರೆ ಯಾವುದರಿಂದ?

ಉತ್ತರ 1: ಕಲಬುರಗಿ, ಕಪನೂರಿನಿಂದ; ಡೆಂಟಿಂಗ್ ಕೆಲಸದಲ್ಲಿ ಮೂವತ್ತು ವರ್ಷ

ದಯವಿಟ್ಟು ಗ್ರೈಂಡರಿನ ಪ್ಲಗ್ ಕಿತ್ತು ಪಕ್ಕಕ್ಕಿಡಿ. ನೀವು ಕೊಟ್ಟ ಅಳತೆಗಳನ್ನು ಓದಿದಾಗಲೇ ನನಗೆ ಅನುಮಾನ ಬಂದಿತು: ಬಾಗಿಲಿನ ಮುಂದಿನ ಸಂದೂ ಹಿಂದಿನ ಸಂದೂ ಮೇಲ್ಗಡೆಯೇ ಕಿರಿದಾಗಿವೆ, ಕೆಳಗಡೆಯೇ ಅಗಲವಾಗಿವೆ. ಬಾಗಿಲು ವಾಲಿದ್ದರೆ ಒಂದು ಕಡೆ ಮೇಲೆ ಕಿರಿದಾಗಿ ಇನ್ನೊಂದು ಕಡೆ ಕೆಳಗೆ ಕಿರಿದಾಗಬೇಕಿತ್ತು. ಎರಡೂ ಕಡೆ ಮೇಲೆಯೇ ಹಿಡಿಯುತ್ತಿದೆ ಎಂದರೆ ಬಾಗಿಲು ಸರಿಯಾಗಿಯೇ ಇದೆ, ಬಾಗಿಲು ಕೂರುವ ಕಂಡಿಯೇ ಮೇಲ್ಗಡೆ ಮುಚ್ಚಿಕೊಂಡಿದೆ ಎಂದರ್ಥ. ಛಾವಣಿಯಿಲ್ಲದ ಕಾರಿನಲ್ಲಿ ಒಡಲಿನ ಅತಿ ದುರ್ಬಲ ಜಾಗ ಬಾಗಿಲ ಕೆಳಗಿನ ಹೊಸ್ತಿಲು. ಅಲ್ಲಿ ಒಡಲು ನಾಲ್ಕಾರು ಮಿಲಿಮೀಟರ್ ಕೆಳಗೆ ಬಗ್ಗಿದರೂ ಎರಡೂ ಬದಿಯ ಕಂಬಗಳು ಒಂದರ ಕಡೆಗೊಂದು ಬಾಗುತ್ತವೆ. ಈ ಸ್ಥಿತಿಯಲ್ಲಿ ಬಾಗಿಲಿನ ಅಂಚನ್ನು ಉಜ್ಜುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮೊದಲು ಕಾರು ಯಾವುದರ ಮೇಲೆ ನಿಂತಿದೆ ಎಂದು ನೋಡಿ. ಚಾಸಿಯ ನಾಲ್ಕು ತುದಿಗಳಿಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದ್ದರೆ ಎಂಜಿನ್ನು, ಗೇರ್‌ಬಾಕ್ಸುಗಳ ಭಾರಕ್ಕೆ ಚಾಸಿಯ ನಡುವು ಇಳಿಯುತ್ತದೆ. ನೀವು ಆಗ ಹೊಂದಿಸಿದ ಸಂದುಗಳು ಕಾರು ಚಕ್ರದ ಮೇಲೆ ಇಳಿದ ದಿನ ಬದಲಾಗುತ್ತವೆ. ಆದ್ದರಿಂದ ಚಕ್ರಗಳನ್ನು ಹಾಕಿ ನೆಲಕ್ಕಿಳಿಸಿ. ಇನ್ನೂ ಕೂರಿಸದ ಸೀಟು, ಬ್ಯಾಟರಿ, ಪೆಟ್ರೋಲ್ ತುಂಬಿದ ಟ್ಯಾಂಕಿನ ಬದಲು ಅಷ್ಟೇ ತೂಕದ ಮರಳಿನ ಚೀಲಗಳನ್ನು ಆಯಾ ಜಾಗದಲ್ಲಿಡಿ. ನಾಲ್ಕು ಮೂಲೆಗಳನ್ನೂ ಒಮ್ಮೆ ಒತ್ತಿ ಬಿಟ್ಟು ಸ್ಪ್ರಿಂಗುಗಳು ತಮ್ಮ ಜಾಗಕ್ಕೆ ಬರುವಂತೆ ಮಾಡಿ, ಆಮೇಲಷ್ಟೇ ಅಳೆಯಿರಿ.

ಶೆಡ್ಡಿನ ನೆಲದ ಬಗ್ಗೆಯೂ ಎಚ್ಚರವಿರಲಿ. ನಮ್ಮ ಭಾಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲೆ ಹಾಸಿದ ಶಹಾಬಾದ್ ಫರಸಿ ಎಷ್ಟೇ ಚೆನ್ನಾಗಿದ್ದರೂ ವರ್ಷಕ್ಕೆ ಎರಡು ಸಲ ಮಟ್ಟ ತಪ್ಪುತ್ತದೆ. ನನ್ನ ಶೆಡ್ಡಿನಲ್ಲಿಯೇ ಎರಡು ಫರಸಿಗಳ ನಡುವೆ ಜೂನಿನಲ್ಲಿಲ್ಲದ ವ್ಯತ್ಯಾಸ ಸೆಪ್ಟೆಂಬರಿನಲ್ಲಿ ಎಂಟು ಮಿಲಿಮೀಟರ್ ಆಗಿತ್ತು. ಗೌಂಡಿಗಳು ಬಳಸುವ ನೀರಿನ ಪೈಪನ್ನು ತಂದು ನಾಲ್ಕು ಚಕ್ರಗಳ ಕೆಳಗಿನ ನೆಲವನ್ನು ಹೋಲಿಸಿ, ತಗ್ಗಿದ್ದಲ್ಲಿ ತಗಡಿನ ಹಾಳೆ ಕೊಟ್ಟು ಸಮ ಮಾಡಿ. ಇದಕ್ಕೆ ಬೆಲೆಬಾಳುವ ಉಪಕರಣ ಬೇಕಿಲ್ಲ. ಹತ್ತು ಮೀಟರ್ ಪಾರದರ್ಶಕ ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿದರೆ ಸಾಕು.

ಅನಂತರ ಹತ್ತೂ ಬೋಲ್ಟುಗಳನ್ನು ಸಡಿಲಿಸಿ. ಬಾಗಿಲು, ಬಾನೆಟ್ ಎಲ್ಲವನ್ನೂ ಬಿಚ್ಚಿ ಒಡಲನ್ನು ತನ್ನ ಪಾಡಿಗೆ ತಾನು ಕೂರಲು ಬಿಡಿ. ಈಗ ಪ್ರತಿಯೊಂದು ಬೋಲ್ಟಿನ ಬಳಿ ಒಡಲಿಗೂ ಚಾಸಿಗೂ ನಡುವೆ ಎಷ್ಟು ಜಾಗವಿದೆ ಎಂದು ಡ್ರಿಲ್ ಬಿಟ್ಟುಗಳ ಹಿಡಿಕೆ ತೂರಿಸಿ ನೋಡಿ: 3ರ ಬಿಟ್ ಹೋಗುತ್ತದೆಯೋ, 5ರದ್ದು ಹೋಗುತ್ತದೆಯೋ ಎಂದು ಗೊತ್ತಾಗುತ್ತದೆ. ಯಾವ ಜಾಗದಲ್ಲಿ ಎಷ್ಟು ಬಿಡುವಿದೆಯೋ ಅಷ್ಟೇ ದಪ್ಪದ ಶಿಮ್, ಎಂದರೆ ಬಿಡುವು ತುಂಬುವ ಲೋಹದ ತುಂಡು, ಕೊಡಿ, ಮೇಲೊಂದು ತೆಳು ರಬ್ಬರು ಹಾಳೆ ಹಾಕಿ, ಆಮೇಲೆ ಬಿಗಿಯಿರಿ. ಶಿಮ್ ಇಲ್ಲದೆ ಬೋಲ್ಟ್ ಬಿಗಿದರೆ ಆ ಬೋಲ್ಟು ಒಡಲನ್ನು ಚಾಸಿಯ ಕಡೆಗೆ ಎಳೆದು ಬಗ್ಗಿಸುತ್ತದೆ. ಕಬ್ಬಿಣದ ಮೈಯಾದರೆ ಪೆಟ್ಟು ಕೊಟ್ಟು ತಿದ್ದಬಹುದು. ಫೈಬರ್ ಹಾಗಲ್ಲ, ಒತ್ತಡವನ್ನು ಮೌನವಾಗಿ ಹೊತ್ತುಕೊಂಡಿದ್ದು ಒಂದು ದಿನ ಬೋಲ್ಟಿನ ಸುತ್ತ ನಕ್ಷತ್ರದಂತೆ ಸೀಳುತ್ತದೆ. ಬೋಲ್ಟಿನ ತಲೆಯ ಕೆಳಗೆ ಕನಿಷ್ಠ 30 ಮಿಲಿಮೀಟರ್ ಅಗಲದ ವಾಷರ್ ಇರಲಿ, ತೂತು ಬೋಲ್ಟಿಗಿಂತ ಎರಡು ಮಿಲಿಮೀಟರ್ ದೊಡ್ಡದಿರಲಿ.

ಬಾನೆಟ್ಟಿನ ವಿಷಯದಲ್ಲಿ ಲೆಕ್ಕ ಸರಳವಾಗಿದೆ. ಎರಡೂ ಸಂದುಗಳನ್ನು ಕೂಡಿದರೆ 15 ಆಗುತ್ತದೆ. ಬಾನೆಟ್ಟನ್ನು ಮೂರೂವರೆ ಮಿಲಿಮೀಟರ್ ಬಲಕ್ಕೆ ಸರಿಸಿದರೆ ಎರಡೂ ಕಡೆ ಏಳೂವರೆ ಬರುತ್ತದೆ. ಆದರೆ ಸರಿಸುವ ಮೊದಲು ಒಡಲೇ ಚಾಸಿಯ ಮೇಲೆ ಅಡ್ಡ ಸರಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಚಾಸಿಯ ಮುಂದಿನ ಹಾಗೂ ಹಿಂದಿನ ಅಡ್ಡಪಟ್ಟಿಗಳ ಮಧ್ಯಬಿಂದುವನ್ನು ಗುರುತಿಸಿ, ಎರಡರ ನಡುವೆ ದಾರ ಕಟ್ಟಿ, ಒಡಲಿನ ಮಧ್ಯದಿಂದ ತೂಗುಗುಂಡು ಬಿಟ್ಟರೆ ಸತ್ಯ ಕಾಣುತ್ತದೆ. ಫಲಕಗಳನ್ನು ಕೂರಿಸುವ ಕ್ರಮ ನನ್ನ ಅನುಭವದಲ್ಲಿ ಹೀಗೆ: ಒಡಲು, ಆಮೇಲೆ ಬಾಗಿಲುಗಳು, ಬಾಗಿಲುಗಳಿಗೆ ಹೊಂದುವಂತೆ ಬಾನೆಟ್, ಕಡೆಗೆ ಡಿಕ್ಕಿ. ಬಾಗಿಲನ್ನು ಹಿಂದಿನ ಕಂಬಕ್ಕೆ ಹೊಂದಿಸುವಾಗ ಬೀಗದ ಕೊಂಡಿಯನ್ನು ಬಿಚ್ಚಿಡಬೇಕು. ಕೊಂಡಿ ಇದ್ದರೆ ಅದು ಬಾಗಿಲನ್ನು ತನ್ನ ಕಡೆಗೆ ಎತ್ತಿಯೋ ಇಳಿಸಿಯೋ ಹಿಡಿದುಕೊಳ್ಳುತ್ತದೆ, ಕೀಲುಗಳ ತಪ್ಪು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕೆಳಮೂಲೆ 6 ಮಿಲಿಮೀಟರ್ ಹೊರಗೆ ಬಂದಿರುವುದು ಬಾಗಿಲಿನದೇ ತಿರುಚು ಇರಬಹುದು. ಆ ಬಾಗಿಲನ್ನು ಸಮತಟ್ಟಾದ ಫರಸಿಯ ಮೇಲೆ ಮಲಗಿಸಿ ನೋಡಿ. ಒಂದು ಮೂಲೆ ಎದ್ದು ನಿಂತರೆ, ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಮೇಲೆ ಕಲ್ಲು ಹೇರಿ ನಾಲ್ಕು ದಿನ ಬಿಟ್ಟರೆ ಇಳಿಯುತ್ತದೆ.

ಉತ್ತರ 2: ಬೀದರ್, ನೌಬಾದಿನಿಂದ, ಅಚ್ಚು ಮತ್ತು ಫೈಬರ್ ಎರಕದ ಕೆಲಸ

ಕಪನೂರಿನ ಹಿರಿಯರು ಹೇಳಿದ್ದರಲ್ಲಿ ಕಡೆಯ ಮಾತೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನಾನು ಒಪ್ಪುತ್ತೇನೆ. ಬಿಸಿಲಿನಲ್ಲಿ ಕಲ್ಲು ಹೇರಿ ತಿದ್ದಿದ ತಿರುಚು ಮುಂದಿನ ಬಿಸಿಲಿನಲ್ಲಿ ಮರಳಿ ಬರುತ್ತದೆ. ಇದನ್ನು ನಾನು ನನ್ನ ಕೈಯಾರೆ ಮಾಡಿ ಕಲಿತಿದ್ದೇನೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಅರವತ್ತು ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ ಗಾಳಿಯೇ ನಲವತ್ತೆರಡು, ನಲವತ್ತಮೂರು ಡಿಗ್ರಿಗೆ ಏರುವಾಗ ಬಿಸಿಲಿಗೆ ಒಡ್ಡಿದ ಕಡುಬಣ್ಣದ ಫಲಕ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಆದ್ದರಿಂದ ಬಿಸಿಯಿಂದ ಬಗ್ಗಿದ್ದು ಬಿಸಿಯಿಂದಲೇ ಬಿಚ್ಚಿಕೊಳ್ಳುತ್ತದೆ. ತಿರುಚನ್ನು ನಿಜವಾಗಿ ತೆಗೆಯಬೇಕಾದರೆ ಬಾಗಿಲನ್ನು ಸರಿಯಾದ ಆಕಾರದಲ್ಲಿ ಕ್ಲಾಂಪ್ ಹಾಕಿ ಹಿಡಿದು, ಒಳಮೈಗೆ ಮೂಲೆಯಿಂದ ಮೂಲೆಗೆ ಒಂದು ಪಕ್ಕೆಲುಬನ್ನು ಕಟ್ಟಬೇಕು. ಅರ್ಧಕ್ಕೆ ಸೀಳಿದ ಪಿವಿಸಿ ಪೈಪನ್ನೋ ಫೋಮ್ ಪಟ್ಟಿಯನ್ನೋ ಇಟ್ಟು ಅದರ ಮೇಲೆ ಎರಡು ಪದರ ಮ್ಯಾಟ್ (ಗಾಜಿನ ಎಳೆಗಳ ಹಾಸು) ರೆಸಿನ್ನಿನೊಂದಿಗೆ ಹಾಸಿ, ಪೂರ್ತಿ ಗಟ್ಟಿಯಾಗುವವರೆಗೆ, ಎಂದರೆ ಎರಡು ಮೂರು ದಿನ, ಕ್ಲಾಂಪ್ ಬಿಚ್ಚಬಾರದು. ಫೋಮ್ ಎಂದು ಥರ್ಮಾಕೋಲ್ ಇಡಬೇಡಿ. ರೆಸಿನ್ ತಾಗಿದ ಕೂಡಲೇ ಅದು ಕರಗಿ ಗುಳಿ ಬೀಳುತ್ತದೆ.

ಮಧ್ಯಾಹ್ನ ಬಾಗಿಲು ಉಜ್ಜುವುದಕ್ಕೂ ಬಿಸಿಲೇ ಕಾರಣ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಗೆ ಮೀಟರಿನ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. ಮ್ಯಾಟಿನಿಂದ ಮಾಡಿದ ಫೈಬರ್ ಅದರ ಎರಡು ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ. ಬೆಳಗಿನಿಂದ ಮಧ್ಯಾಹ್ನಕ್ಕೆ ಫಲಕ ನಲವತ್ತು ಡಿಗ್ರಿ ಬಿಸಿಯಾದರೆ ಒಂದು ಮೀಟರಿನ ಬಾಗಿಲು ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ. ನಿಮ್ಮ ಮೇಲಿನ ಸಂದು ಇರುವುದೇ ಎರಡು ಮಿಲಿಮೀಟರ್. ಇದರ ಮೇಲೆ ಬಾಗಿಲೊಳಗೆ ಉಕ್ಕಿನ ಚೌಕಟ್ಟು ಇದ್ದು ಅದಕ್ಕೆ ಫೈಬರ್ ಹಾಳೆಯನ್ನು ಬಿಗಿಯಾಗಿ ಹಿಡಿದಿದ್ದರೆ, ಹಿಗ್ಗಿದ ಹಾಳೆಗೆ ಹೋಗಲು ಜಾಗವಿಲ್ಲದೆ ಅದು ಹೊರಕ್ಕೆ ಉಬ್ಬುತ್ತದೆ. ಚೌಕಟ್ಟಿಗೂ ಹಾಳೆಗೂ ನಡುವೆ ಗಟ್ಟಿ ರೆಸಿನ್ನಿನ ಬದಲು ಮೂರು ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಅಂಟು ಹಾಕಿ. ಕಾರಿನ ಮುಂದಿನ ಗಾಜು ಕೂರಿಸುವವರು ಬಳಸುವ ಕಪ್ಪು ಅಂಟು ಅದೇ ಜಾತಿಯದು. ಅದು ಒಣಗಿದ ಮೇಲೂ ರಬ್ಬರಿನಂತೆ ಎಳೆದಾಡುತ್ತದೆ. ಸಂದುಗಳನ್ನು ಬೆಳಗ್ಗೆ ಅಳೆಯಿರಿ, ಆದರೆ ಮಧ್ಯಾಹ್ನವನ್ನು ನೆನಪಿಟ್ಟುಕೊಂಡು ಅಳೆಯಿರಿ: ಬಣ್ಣ ಬಳಿಯುವ ಮೊದಲು ಐದು ಮಿಲಿಮೀಟರ್ ಇಟ್ಟರೆ, ಎರಡೂ ಅಂಚಿನ ಪ್ರೈಮರ್ ಮತ್ತು ಬಣ್ಣ ಸೇರಿ ಅರ್ಧ ಮಿಲಿಮೀಟರಿಗೂ ಹೆಚ್ಚು ತಿಂದು, ಕಡೆಗೆ ನಾಲ್ಕರಿಂದ ನಾಲ್ಕೂವರೆ ಉಳಿಯುತ್ತದೆ. ಶೋರೂಮಿನ ಕಾರಿನಂತೆ ಮೂರು ಮಿಲಿಮೀಟರ್ ಬೇಕೆಂಬ ಆಸೆಯನ್ನು ಕೈಕೆಲಸದ ಫೈಬರ್ ಕಾರಿನಲ್ಲಿ ಬಿಡುವುದು ಲೇಸು. ಸಂದಿನ ಸೊಗಸು ಅದು ಎಷ್ಟು ಕಿರಿದು ಎಂಬುದಕ್ಕಿಂತ ತುದಿಯಿಂದ ತುದಿಗೆ ಎಷ್ಟು ಸಮನಾಗಿದೆ ಎಂಬುದರಲ್ಲಿದೆ.

ಈಗ ಅಂಚು ಕಟ್ಟುವ ವಿಧಾನ. ಒಡಲು, ಕೀಲು ಎಲ್ಲ ಸರಿಹೋದ ಮೇಲೂ ಉಳಿಯುವ ವ್ಯತ್ಯಾಸಕ್ಕೆ ಮಾತ್ರ ಇದನ್ನು ಮಾಡಿ. ಪುಟ್ಟಿಯಿಂದ ಅಂಚು ಕಟ್ಟಬೇಡಿ. ಪುಟ್ಟಿ ಸಮತಟ್ಟಾದ ಜಾಗದಲ್ಲಿ ಎರಡು ಮಿಲಿಮೀಟರ್ ತನಕ ನಿಲ್ಲುತ್ತದೆ. ಅಂಚಿನಲ್ಲಿ ಬಾಗಿಲು ನಾಲ್ಕು ಸಲ ಬಡಿದರೆ ಚಕ್ಕೆ ಏಳುತ್ತದೆ. ಬಾಗಿಲಿನ ಅಂಚಿನ ಜೆಲ್ ಕೋಟನ್ನು ನಲವತ್ತನೇ ನಂಬರಿನ ಕಾಗದದಿಂದ, ಅಂಚಿನಿಂದ ಮೂರು ಸೆಂಟಿಮೀಟರ್ ಒಳಗಿನವರೆಗೆ ಇಳಿಜಾರಾಗಿ ತೆಗೆದು, ಗಾಜಿನ ಎಳೆ ಕಾಣಿಸಿದ ಮೇಲೆ ಅಸಿಟೋನಿನಿಂದ ಒರೆಸಿ. ಎದುರಿನ ಒಡಲಿನ ಅಂಚಿಗೆ ಕಂದು ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ ಮೇಲೆ ಮೇಣ ಸವರಿ. ಆ ಟೇಪಿಗೆ ರೆಸಿನ್ ಹಿಡಿಯುವುದಿಲ್ಲ. ಐದು ಮಿಲಿಮೀಟರ್ ದಪ್ಪದ ಪಟ್ಟಿಯೊಂದಕ್ಕೆ ಅದೇ ಟೇಪನ್ನು ಸುತ್ತಲೂ ಸುತ್ತಿ ಒಡಲಿನ ಅಂಚಿಗೆ ಒತ್ತಿ ನಿಲ್ಲಿಸಿ. ಬಾಗಿಲು ಮುಚ್ಚಿ, ಪಟ್ಟಿಗೂ ಬಾಗಿಲಿಗೂ ನಡುವೆ ಉಳಿದ ಜಾಗಕ್ಕೆ, ಮ್ಯಾಟಿನಿಂದ ಕತ್ತರಿಸಿದ ಆರು ಮಿಲಿಮೀಟರಿನ ಎಳೆಗಳನ್ನು ರೆಸಿನ್ನಿನಲ್ಲಿ ಕಲಸಿದ ಮುದ್ದೆಯನ್ನು ತುಂಬಿ. ಗಟ್ಟಿಯಾದ ಮೇಲೆ ಪಟ್ಟಿಯನ್ನು ಎಳೆದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲದ ಸಂದು ಉಳಿಯುತ್ತದೆ. ನಮ್ಮೂರಿನ ಬಿದರಿ ಕೆಲಸದವರು ಬೆಳ್ಳಿಯ ತಂತಿಯನ್ನು ಕೊರೆದ ಗೀರಿನೊಳಗೆ ಬಡಿದು ಕೂರಿಸಿ ಆಮೇಲೆ ಅರದಿಂದ ಮಟ್ಟ ಮಾಡುತ್ತಾರಲ್ಲ, ಹಾಗೆಯೇ ಇಲ್ಲಿಯೂ ಮೇಲ್ಮೈಯಲ್ಲಿ ಕೊಂಚ ಎತ್ತರವಾಗಿ ತುಂಬಿ, ಮರದ ತುಂಡಿಗೆ ಸುತ್ತಿದ ಮರಳು ಕಾಗದದಿಂದ ಇಳಿಸುತ್ತಾ ಬರಬೇಕು. ನೀವು ಈಗಾಗಲೇ ಉಜ್ಜಿರುವ ಎಡಬಾಗಿಲನ್ನೂ ಇದೇ ಕ್ರಮದಲ್ಲಿ ಉಳಿಸಿಕೊಳ್ಳಬಹುದು, ಚಿಂತಿಸಬೇಡಿ.

ರೆಸಿನ್ನಿಗೆ ಅದನ್ನು ಗಟ್ಟಿಗೊಳಿಸುವ ಹಾರ್ಡ್‌ನರ್ ತೂಕದಲ್ಲಿ ಒಂದರಿಂದ ಎರಡು ಶೇಕಡಾ. ನಮ್ಮ ಬೇಸಿಗೆಯಲ್ಲಿ ಒಂದಕ್ಕೆ ಇಳಿಸಿ, ಅದಕ್ಕಿಂತ ಕಡಿಮೆ ಮಾಡಬೇಡಿ. ಹಾರ್ಡ್‌ನರ್ ಸಾಲದೆ ಹೋದರೆ ರೆಸಿನ್ ಎಷ್ಟು ದಿನ ಬಿಟ್ಟರೂ ಪೂರ್ತಿ ಗಟ್ಟಿಯಾಗುವುದಿಲ್ಲ. ಸೂರ್ಯ ಏರುವ ಮೊದಲು, ಒಂದು ಸಲಕ್ಕೆ ಇನ್ನೂರು ಗ್ರಾಮಿಗಿಂತ ಹೆಚ್ಚು ಕಲಸದೆ ಕೆಲಸ ಮಾಡಿ. ಒಂದೇ ಬಾರಿಗೆ ದಪ್ಪವಾಗಿ ಹಾಕಿದರೆ ತನ್ನ ಬಿಸಿಗೆ ತಾನೇ ಸುಕ್ಕುಗಟ್ಟಿ ಪಕ್ಕದ ಫಲಕವನ್ನೂ ಎಳೆಯುತ್ತದೆ.

ಇನ್ನೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಕೆಲವು ಅಂಗಡಿಗಳಲ್ಲಿ ರೆಸಿನ್, ಅದು ಬೇಗ ಗಟ್ಟಿಯಾಗಲೆಂದು ಬೆರೆಸುವ ಕೋಬಾಲ್ಟ್ ದ್ರವ, ಹಾರ್ಡ್‌ನರ್ ಮೂರನ್ನೂ ಬೇರೆ ಬೇರೆಯಾಗಿ ಕೊಡುತ್ತಾರೆ. ಕೋಬಾಲ್ಟನ್ನೂ ಹಾರ್ಡ್‌ನರನ್ನೂ ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು; ಅದು ಸ್ಫೋಟಿಸುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಬೆರೆಸಿ, ಆಮೇಲೆ ಬೇರೊಂದು ಅಳತೆಲೋಟದಿಂದ ಹಾರ್ಡ್‌ನರ್ ಹಾಕಬೇಕು. ಹಾರ್ಡ್‌ನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ, ಆದ್ದರಿಂದ ಕನ್ನಡಕವಿಲ್ಲದೆ ಬಾಟಲಿಯ ಮುಚ್ಚಳವನ್ನೇ ತೆರೆಯಬೇಡಿ. ಬಿದ್ದರೆ ತಕ್ಷಣ ಕಾಲು ಗಂಟೆ ಧಾರಾಕಾರವಾಗಿ ನೀರು ಹಾಯಿಸಿ ಆಸ್ಪತ್ರೆಗೆ ಹೋಗಬೇಕು. ಉಜ್ಜುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಗಾಜಿನ ದೂಳು ನಿಲ್ಲುವುದಿಲ್ಲ, ಸರಿಯಾದ ಮಾಸ್ಕ್ ಬೇಕು.

ಪ್ರಶ್ನೆ ಕೇಳಿದವರಿಂದ: ಒಂಬತ್ತು ದಿನಗಳ ನಂತರ

ಇಬ್ಬರಿಗೂ ಮನಸ್ಸು ತುಂಬಿ ವಂದನೆ. ಹೇಳಿದಂತೆಯೇ ಎಲ್ಲವನ್ನೂ ಬಿಚ್ಚಿದೆವು. ನಮ್ಮ ಕಾರು ನಿಜಕ್ಕೂ ಚಾಸಿಯ ನಾಲ್ಕು ತುದಿಗಳಿಗೆ ಕೊಟ್ಟ ಸ್ಟ್ಯಾಂಡುಗಳ ಮೇಲೆಯೇ ನಿಂತಿತ್ತು. ನೀರಿನ ಪೈಪಿನಿಂದ ನೋಡಿದಾಗ ಬಲಗಡೆಯ ಹಿಂದಿನ ಚಕ್ರದ ಕೆಳಗಿನ ಫರಸಿ 11 ಮಿಲಿಮೀಟರ್ ತಗ್ಗಾಗಿತ್ತು. ಕೆಳಗೆ ತಗಡು ಕೊಟ್ಟು ಸಮ ಮಾಡಿದೆವು.

ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಾ ಬಂದಾಗ, ಬಲಬಾಗಿಲಿನ ಕೆಳಗೆ ಹೊಸ್ತಿಲ ನಡುವೆ ಇರುವ ಬೋಲ್ಟು ಅರ್ಧ ಸುತ್ತು ತಿರುಗುತ್ತಿದ್ದಂತೆಯೇ ಟಕ್ ಎಂದು ಸದ್ದಾಯಿತು. ಇಡೀ ಹೊಸ್ತಿಲು ನಮ್ಮ ಕಣ್ಣೆದುರೇ ಮೇಲಕ್ಕೆದ್ದಿತು. ಅಲ್ಲಿ 6ರ ಡ್ರಿಲ್ ಬಿಟ್ ಆರಾಮವಾಗಿ ಒಳಗೆ ಹೋಯಿತು. ಹಿಂದಿನ ಮಾಲೀಕರು ಅಲ್ಲಿ ಶಿಮ್ ಇಟ್ಟಿರಲಿಲ್ಲ, ನಾವೂ ನೋಡಿರಲಿಲ್ಲ. ಇಷ್ಟು ದಿನ ಆ ಒಂದು ಬೋಲ್ಟು ಒಡಲನ್ನು ಕೆಳಗೆ ಎಳೆದು ಹಿಡಿದಿತ್ತು. ವಾಷರನ್ನು ತೆಗೆದಾಗ ಅದರ ಸುತ್ತ ಉಗುರಿನಿಂದ ಸವರಿದರೆ ಮಾತ್ರ ತಿಳಿಯುವಂತಹ ನಾಲ್ಕು ಕೂದಲೆಳೆಯ ಬಿರುಕುಗಳು ಕಂಡವು. ನಾಲ್ಕೂವರೆ ಮಿಲಿಮೀಟರಿನ ಅಲ್ಯೂಮಿನಿಯಂ ತುಂಡು, ಒಂದೂವರೆಯ ರಬ್ಬರು ಕೊಟ್ಟು ಮತ್ತೆ ಬಿಗಿದೆವು. ಬಾಗಿಲು ಏರಿಸಿ ಅಳೆದರೆ ಮುಂದಿನ ಸಂದು ಮೇಲೆ 5, ಕೆಳಗೆ ಏಳೂವರೆ. ಹಿಂದಿನದು ಮೇಲೆ 4, ಕೆಳಗೆ 6. ಒಂದು ಅಂಚನ್ನೂ ಮುಟ್ಟದೆ ಇಷ್ಟು ಸರಿಹೋಯಿತು ಎಂಬುದು ನಮಗೆ ಇನ್ನೂ ನಂಬಲಾಗುತ್ತಿಲ್ಲ.

ತೂಗುಗುಂಡು ಬಿಟ್ಟು ನೋಡಿದಾಗ ಒಡಲು ಮುಂಭಾಗದಲ್ಲಿ ಎರಡೂವರೆ ಮಿಲಿಮೀಟರ್ ಬಲಕ್ಕೆ ಸರಿದಿರುವುದೂ ತಿಳಿಯಿತು. ಅದನ್ನು ಸರಿಪಡಿಸಿದ ಮೇಲೆ ಬಾನೆಟ್ಟಿನ ಸಂದು ಎಡಕ್ಕೆ ಆರೂವರೆ, ಬಲಕ್ಕೆ ಎಂಟೂವರೆ ಬಂದಿದೆ. ಉಳಿದ ಒಂದು ಮಿಲಿಮೀಟರನ್ನು ಬಾನೆಟ್ಟಿನ ಕೀಲಿನಲ್ಲಿ ತೆಗೆಯುತ್ತೇವೆ.

ಈಗ ಉಳಿದ ತೊಂದರೆ ಒಂದೇ. ಬಲಬಾಗಿಲು ಪೂರ್ತಿ ತೆರೆಯುವಾಗ ಅರ್ಧ ದಾರಿಯಲ್ಲಿ ಬಿಗಿಯಾಗಿ, ಕೀಲಿನ ಬಳಿಯ ಕಂಬ ಅಲುಗುವುದು ಕಾಣುತ್ತದೆ. ಕೀಲುಗಳಿಗೆ ಎಣ್ಣೆ ಬಿಟ್ಟರೂ ಬದಲಾಗಲಿಲ್ಲ.

ಉತ್ತರ 3: ಕಲಬುರಗಿಯಿಂದ, ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪ್ ಬೋಧಕ

ಕಂಬ ಅಲುಗುತ್ತದೆ ಎಂದರೆ ಮೇಲಿನ ಕೀಲು ಮತ್ತು ಕೆಳಗಿನ ಕೀಲು ಒಂದೇ ಗೆರೆಯ ಮೇಲಿಲ್ಲ. ಎರಡು ಕೀಲುಗಳ ಪಿನ್ನುಗಳು ಒಂದೇ ಉದ್ದನೆಯ ಸರಳಿನ ಎರಡು ತುಂಡುಗಳಂತೆ ಇರಬೇಕು. ಒಂದು ಪಿನ್ ಎರಡು ಡಿಗ್ರಿ ವಾಲಿದರೂ ಬಾಗಿಲು ತಿರುಗುವಾಗ ಕಂಬವನ್ನು ತಿರುಚುತ್ತದೆ, ಫೈಬರ್ ಕಂಬ ಆ ತಿರುಚನ್ನು ಕೆಲವು ನೂರು ಸಲ ಸಹಿಸಿ ಬಿರಿಯುತ್ತದೆ. ಪಿನ್ನುಗಳನ್ನು ಬಡಿದು ತೆಗೆದು, ಅವುಗಳ ಜಾಗದಲ್ಲಿ ಅದೇ ದಪ್ಪದ ಒಂದೇ ನೇರವಾದ ಉಕ್ಕಿನ ಸರಳನ್ನು ಎರಡೂ ಕೀಲುಗಳ ಮೂಲಕ ತೂರಿಸಿ. ಸರಳು ಸಲೀಸಾಗಿ ಹೋಗುವವರೆಗೆ ಕೀಲುಗಳ ಹಿಂದೆ ತೆಳು ಶಿಮ್ ಕೊಡುತ್ತಾ ಬನ್ನಿ, ಸರಳು ಒಳಗಿರುವಾಗಲೇ ಕೀಲುಗಳ ಬೋಲ್ಟುಗಳನ್ನು ಬಿಗಿಯಿರಿ, ಆಮೇಲೆ ಸರಳನ್ನು ತೆಗೆದು ಪಿನ್ ಹಾಕಿ. ಇದನ್ನು ನಾನು ವಿದ್ಯಾರ್ಥಿಗಳಿಗೆ ಮರದ ಬಾಗಿಲಿನ ಮೇಲೆಯೇ ಮೊದಲು ಮಾಡಿ ತೋರಿಸುತ್ತೇನೆ.

ಕೀಲು ಹಿಡಿದಿರುವ ಜಾಗದಲ್ಲಿ ಫೈಬರಿನ ಒಳಗಡೆ ಉಕ್ಕಿನ ತಟ್ಟೆ ಇದೆಯೇ ಎಂದೂ ನೋಡಿ. ಬರಿಯ ಫೈಬರಿಗೆ ಕೀಲು ಹಿಡಿಸಿದ್ದರೆ ಬಾಗಿಲಿನ ತೂಕಕ್ಕೆ ತೂತುಗಳು ಅಗಲವಾಗಿ ನೀವು ಈಗ ಹೊಂದಿಸಿದ್ದೆಲ್ಲ ಆರು ತಿಂಗಳಲ್ಲಿ ಜಾರುತ್ತದೆ. ಮೂರು ಮಿಲಿಮೀಟರ್ ದಪ್ಪದ, ಅಂಗೈಯಗಲದ ತಟ್ಟೆಯನ್ನು ಒಳಗಿಟ್ಟು, ಸಾಧ್ಯವಾದರೆ ಅದನ್ನು ಚಾಸಿಯಿಂದ ಏರಿದ ಉಕ್ಕಿನ ಕಂಬಕ್ಕೇ ಬೆಸೆಯಿರಿ. ಬಾಗಿಲು ತೆರೆಯುವಾಗ ಅದರ ಮುಂದಿನ ಅಂಚು ಒಳಕ್ಕೆ ತಿರುಗುತ್ತದೆಂಬುದನ್ನು ಮರೆತು ಆ ಕಡೆಯ ಅಂಚನ್ನು ದಪ್ಪವಾಗಿ ಕಟ್ಟಿಬಿಟ್ಟರೆ ತೆರೆದ ಕೂಡಲೇ ಒಡಲಿಗೆ ತಾಗುತ್ತದೆ. ಆದ್ದರಿಂದ ಅಂಚು ಕಟ್ಟುವ ಕೆಲಸವನ್ನು ಆದಷ್ಟು ಬೀಗದ ಕಡೆಗೇ ಇಟ್ಟುಕೊಳ್ಳಿ.

ನೀವು ಮಾಡುತ್ತಿರುವ ಕೆಲಸ ನಮ್ಮಲ್ಲಿ ತೀರ ಹೊಸದಲ್ಲ ಎಂಬುದನ್ನು ಹೇಳಬೇಕೆನಿಸಿತು. 1953ರಲ್ಲಿ ಅಮೆರಿಕದ ಷೆವರ್ಲೆ ಕಂಪನಿ ಮೊದಲ ಕಾರ್ವೆಟ್ ಕಾರುಗಳನ್ನು ಫೈಬರ್ ಮೈಯಲ್ಲಿ ಹೊರತಂದಾಗ ಆ ವರ್ಷ ತಯಾರಾದದ್ದು 300 ಕಾರು ಮಾತ್ರ, ಅವನ್ನು ಜೋಡಿಸಿದ್ದು ಬಹುಮಟ್ಟಿಗೆ ಕೈಯಿಂದಲೇ. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿ ತಯಾರಾದ ಸಿಪಾನಿ ಡಾಲ್ಫಿನ್ ಕಾರಿನ ಮೈಯೂ ಫೈಬರಿನದೇ.

ಉತ್ತರ 4: ಯಾದಗಿರಿ ಜಿಲ್ಲೆ, ಶಹಾಪುರದಿಂದ

ಒಂದು ಸಣ್ಣ ಮಾತು. ಬಾಗಿಲಿನ ಸುತ್ತ ಹಾಕುವ ರಬ್ಬರು ಪಟ್ಟಿಯನ್ನು ಈಗಲೇ ತಂದು ಹಚ್ಚಿ, ಆಮೇಲೆ ಅಂಚು ಕಟ್ಟಿ. ಹಳೆಯ ಜೀಪೊಂದಕ್ಕೆ ಫೈಬರ್ ಬಾಗಿಲು ಮಾಡಿದಾಗ ನಾನು ರಬ್ಬರನ್ನು ಕಡೆಗೆ ಹಾಕಿದೆ; ಅದು ಬಾಗಿಲನ್ನು ನಾಲ್ಕು ಮಿಲಿಮೀಟರ್ ಹೊರಕ್ಕೆ ನೂಕಿ, ತಿಂಗಳುಗಟ್ಟಲೆ ಮಾಡಿದ ಮಟ್ಟವೆಲ್ಲ ಹಾಳಾಯಿತು. ಹೊಸ ರಬ್ಬರು ಗಡುಸಾಗಿರುವುದರಿಂದ ಬಾಗಿಲು ಮುಚ್ಚಿ ಒಂದು ವಾರ ಬಿಟ್ಟು, ಅದು ತಕ್ಕಮಟ್ಟಿಗೆ ಕೂತ ಮೇಲೆ ಅಳೆಯಿರಿ.

ಉತ್ತರ 2ರವರಿಂದ ಮತ್ತೆ: ಬೀದರ್

ಶಹಾಪುರದವರ ಮಾತು ಬಹಳ ಸರಿಯಾದದ್ದು, ನಾನು ಅದನ್ನು ಹೇಳಬೇಕಿತ್ತು. ಬೋಲ್ಟಿನ ಸುತ್ತ ಕಂಡ ಕೂದಲೆಳೆಯ ಬಿರುಕುಗಳನ್ನು ಬಣ್ಣದ ಅಡಿಯಲ್ಲಿ ಮುಚ್ಚಬೇಡಿ, ಅವು ಮತ್ತೆ ಮೇಲೆ ಬರುತ್ತವೆ. ಜೆಲ್ ಕೋಟನ್ನು ಬಿರುಕಿನ ತುದಿಗಿಂತ ಎರಡು ಸೆಂಟಿಮೀಟರ್ ಆಚೆಯವರೆಗೆ ಉಜ್ಜಿ ತೆಗೆದು, ಒಳಗಡೆಯಿಂದ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟನ್ನು ಎರಡು ಪದರ ಹಾಕಿ. ಪದರವೊಂದು ಸುಮಾರು ಒಂದು ಮಿಲಿಮೀಟರ್ ದಪ್ಪ ಬರುವುದರಿಂದ ಆ ಬೋಲ್ಟಿನ ಶಿಮ್ಮನ್ನು ಅಷ್ಟೇ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಎಲ್ಲ ಅಂಚುಗಳನ್ನು ಕಟ್ಟಿ ಮುಗಿಸಿದ ಮೇಲೆ ಬಣ್ಣಕ್ಕೆ ಅವಸರಪಡದೆ ಕಾರನ್ನು ಬರೀ ಪ್ರೈಮರಿನಲ್ಲಿ ಮೂರು ನಾಲ್ಕು ವಾರ ಹಗಲೆಲ್ಲ ಬಿಸಿಲಿಗೆ ನಿಲ್ಲಿಸಿ. ಹೊಸ ರೆಸಿನ್ ಆ ಬಿಸಿಗೆ ಇನ್ನಷ್ಟು ಕುಗ್ಗಿ, ಒಳಗಿನ ಮ್ಯಾಟಿನ ಎಳೆಗಳ ಗುರುತು ಮೇಲೆ ಮೂಡುವುದಿದ್ದರೆ ಆಗಲೇ ಮೂಡುತ್ತದೆ. ಆಗ ಉದ್ದನೆಯ ಹಲಗೆಗೆ ಕಾಗದ ಸುತ್ತಿ ಒಮ್ಮೆ ಉಜ್ಜಿದರೆ, ಬಣ್ಣದ ನಂತರ ಅದು ಮರಳಿ ಕಾಣುವುದಿಲ್ಲ. ಬಣ್ಣ ತಿಳಿಯಾಗಿರಲಿ, ಬಿಳಿಯೋ ಕೆನೆಬಣ್ಣವೋ ಆದರೆ ನಮ್ಮ ಬಿಸಿಲಿನಲ್ಲಿ ಫಲಕ ಕಪ್ಪು ಫಲಕಕ್ಕಿಂತ ಎಷ್ಟೋ ತಂಪಾಗಿರುತ್ತದೆ, ಮಧ್ಯಾಹ್ನದ ಉಜ್ಜಾಟವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಪ್ರಶ್ನೆ ಕೇಳಿದವರಿಂದ

ಕೀಲುಗಳಲ್ಲಿ ಸರಳು ತೂರಿಸಿ ನೋಡಿದೆವು. ಕೆಳಗಿನ ಕೀಲಿನ ಹಿಂದೆ ಒಂದೂವರೆ ಮಿಲಿಮೀಟರ್ ಶಿಮ್ ಕೊಟ್ಟ ಮೇಲೆ ಸರಳು ಬೆರಳಿನಿಂದ ತಳ್ಳಿದರೂ ಜಾರುವಂತಾಯಿತು. ಈಗ ಬಾಗಿಲು ಪೂರ್ತಿ ತೆರೆದರೂ ಕಂಬ ಅಲುಗುವುದಿಲ್ಲ. ಕೀಲಿನ ಹಿಂದೆ ಉಕ್ಕಿನ ತಟ್ಟೆ ಎಡಗಡೆ ಇದೆ, ಬಲಗಡೆ ಇಲ್ಲ. ನಾಳೆ ಅದನ್ನು ಕತ್ತರಿಸಿ ಹಾಕುತ್ತೇವೆ. ರಬ್ಬರು ಪಟ್ಟಿಯನ್ನು ಸೋಲಾಪುರದಿಂದ ತರಿಸಿದ್ದೇವೆ. ಅದನ್ನು ಹಚ್ಚಿ, ಬಾಗಿಲು ಮುಚ್ಚಿ ವಾರ ಕಾಯುತ್ತೇವೆ. ಆಮೇಲೆ ಎಡಬಾಗಿಲಿನಲ್ಲಿ ನಾವೇ ಕಳೆದುಕೊಂಡ ಎರಡು ಮಿಲಿಮೀಟರನ್ನು ಬೀದರಿನವರು ಹೇಳಿದಂತೆ ಟೇಪು, ಪಟ್ಟಿ ಇಟ್ಟು ಬೆಳಗಿನ ಆರು ಗಂಟೆಗೆ ಕಟ್ಟಲು ಆರಂಭಿಸುತ್ತೇವೆ.